ಗಡ್ಡೆಯನ್ನು ಹುಡುಕಿಕೊಂಡು ಹೋಗುವ ರೇಡಿಯೇಷನ್: ಆಂಟಿಬಾಡಿ ಬೇಕಾ, ಚಿಕ್ಕ ಅಣು ಸಾಕಾ?

ಫೈಲ್ ಹಿಡಿದವಳು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೆ ಹರಡಿದೆ. ಹಾರ್ಮೋನ್ ಇಂಜೆಕ್ಷನ್ ಆಯಿತು, ಕೀಮೋ ಆಯಿತು. ಹೋದ ವಾರ ಡಾಕ್ಟರು ಲುಟೀಷಿಯಂ ಕೊಡೋಣ ಅಂದರು. ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ, ಅದು ತಾನಾಗಿಯೇ ಗಡ್ಡೆಯನ್ನು ಹುಡುಕಿಕೊಂಡು ಹೋಗಿ ಅಲ್ಲೇ ಕೂತು ರೇಡಿಯೇಷನ್ ಕೊಡುತ್ತದೆ ಅಂತ ವಿವರಿಸಿದರು. ಹೊರಗೆ ಬಂದ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತೆ ಪುಟ್ಟಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಕೂತು ಓದಿದೆ. ಒಂದು ಕಡೆ ಆಂಟಿಬಾಡಿಗೆ ರೇಡಿಯೇಷನ್ ಕಟ್ಟಿ ಕಳಿಸುತ್ತಾರೆ ಅಂತ ಇದೆ. ಇನ್ನೊಂದು ಕಡೆ ಚಿಕ್ಕ ಅಣು ಅಂತ ಇದೆ. ಎರಡೂ ಒಂದೇನಾ? ಅಪ್ಪನಿಗೆ ಕೊಡುವುದು ಯಾವುದು? ಗುರಿ ಅಷ್ಟು ಸರಿಯಾಗಿದ್ದರೆ ಒಪ್ಪಿಗೆ ಪತ್ರದಲ್ಲಿ ಬಾಯಿ ಒಣಗುವುದು, ಪ್ಲೇಟ್‌ಲೆಟ್ ಇಳಿಯುವುದು ಅಂತೆಲ್ಲ ಯಾಕೆ ಬರೆದಿರುತ್ತಾರೆ? ತಿಳಿದವರು ನಿಧಾನವಾಗಿ ಹೇಳಿಕೊಡಿ.

ಹಾಟ್‌ಲ್ಯಾಬ್:

ನಾನು ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಟೆಕ್ನಾಲಜಿಸ್ಟ್. ಡೋಸ್ ಅಳೆದು ಸಿರಿಂಜಿಗೆ ತುಂಬಿ ಕೊಡುವುದು ನನ್ನ ಕೆಲಸ. ಮೊದಲು ನಿಮ್ಮ ನೇರ ಪ್ರಶ್ನೆಗೆ ಉತ್ತರ: ಅಪ್ಪನಿಗೆ ಹೇಳಿರುವುದು ಲುಟೀಷಿಯಂ ಪಿಎಸ್‌ಎಂಎ ಇರಬೇಕು. ಅದು ಆಂಟಿಬಾಡಿ ಅಲ್ಲ. ಆಂಟಿಬಾಡಿ ಅಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನ್. ಪಿಎಸ್‌ಎಂಎ ಅನ್ನುವುದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶದ ಮೈಮೇಲೆ ಜಾಸ್ತಿ ಇರುವ ಒಂದು ಪ್ರೋಟೀನ್. ಅದರ ಒಂದು ಸಂದಿನಲ್ಲಿ ಸರಿಯಾಗಿ ಕೂರುವ ಚಿಕ್ಕ ಅಣುವನ್ನು ಮಾಡಿ, ಅದರ ಬಾಲಕ್ಕೆ ಲುಟೀಷಿಯಂ-177 ಅನ್ನು ಹಿಡಿದಿಡುವ ಒಂದು ಪಂಜರ ಸೇರಿಸಿದ್ದಾರೆ. ಅಷ್ಟೇ ಔಷಧ.

ಆದರೆ ನೀವು ಆಂಟಿಬಾಡಿ ಬಗ್ಗೆ ಓದಿದ್ದೂ ತಪ್ಪಲ್ಲ. ಈ ದಾರಿಯನ್ನು ಮೊದಲು ತೆರೆದದ್ದು ಅದೇ. ಅಮೆರಿಕದಲ್ಲಿ 2002ರಲ್ಲಿ ಝೆವಲಿನ್‌ಗೆ ಒಪ್ಪಿಗೆ ಸಿಕ್ಕಿತು, 2003ರಲ್ಲಿ ಬೆಕ್ಸಾರ್‌ಗೆ. ಎರಡೂ ಲಿಂಫೋಮಾಗೆ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ. ಎರಡೂ ಬಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳು) ಮೈಮೇಲಿರುವ ಸಿಡಿ20 ಅನ್ನುವ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿಗಳು. ಝೆವಲಿನ್ ಹೊತ್ತಿದ್ದು ಯಿಟ್ರಿಯಂ-90. ಬೆಕ್ಸಾರ್ ಹೊತ್ತಿದ್ದು ಅಯೋಡಿನ್-131.

ಒಂದು ಸಣ್ಣ ವಿಷಯ ಹೇಳುತ್ತೇನೆ, ಯಾಕಂದರೆ ಇದನ್ನು ನೋಡಿದರೆ ಇಡೀ ಚಿಕಿತ್ಸೆ ಅರ್ಥವಾಗುತ್ತದೆ. ಹಾಟ್‌ಲ್ಯಾಬ್‌ನಲ್ಲಿ (ಅಂದರೆ ರೇಡಿಯೇಷನ್ ಔಷಧ ಅಳೆದು ತುಂಬುವ ಕೋಣೆಯಲ್ಲಿ) ಎಲ್ಲದಕ್ಕೂ ಸೀಸದ ಕವಚ ಇರುತ್ತದೆ. ಯಿಟ್ರಿಯಂ ಬಂದ ದಿನ ಮಾತ್ರ ಸಿರಿಂಜಿಗೆ ದಪ್ಪನೆಯ ಅಕ್ರಿಲಿಕ್ ಕವಚ ಹಾಕುತ್ತೇವೆ. ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್. ಹೊಸಬರು ಬಂದಾಗ ಎಲ್ಲರೂ ಕೇಳುವ ಪ್ರಶ್ನೆ: ಸೀಸ ಬಿಟ್ಟು ಪ್ಲಾಸ್ಟಿಕ್ಕಾ? ಕಾರಣ ಇದೆ. ಯಿಟ್ರಿಯಂನಿಂದ ಹೊರಡುವುದು ಬೀಟಾ ಕಣಗಳು, ಅಂದರೆ ವೇಗವಾಗಿ ಓಡುವ ಎಲೆಕ್ಟ್ರಾನ್‌ಗಳು. ಸೀಸದಂಥ ಭಾರದ ಲೋಹಕ್ಕೆ ಬಡಿದು ಥಟ್ಟನೆ ನಿಂತರೆ ಅಲ್ಲಿ ಎಕ್ಸ್‌ರೇ ಹುಟ್ಟುತ್ತದೆ. ಪ್ಲಾಸ್ಟಿಕ್‌ನಂಥ ಹಗುರ ವಸ್ತುವಿನಲ್ಲಿ ಮೆತ್ತಗೆ ನಿಂತುಬಿಡುತ್ತವೆ. ಬೆರಳಗಲದ ಅಕ್ರಿಲಿಕ್ ಅವನ್ನು ತಡೆಯುತ್ತದೆ. ನಮ್ಮ ಮೈಯ ಮಾಂಸ ಕೂಡ ಹೆಚ್ಚು ಕಡಿಮೆ ಹಾಗೆಯೇ ತಡೆಯುತ್ತದೆ. ಅದಕ್ಕೇ ಗಡ್ಡೆಯಲ್ಲಿ ಕೂತ ಯಿಟ್ರಿಯಂನ ಶಕ್ತಿಯೆಲ್ಲ ಗಡ್ಡೆಯ ಸುತ್ತಮುತ್ತಲೇ ಖರ್ಚಾಗುವುದು.

ಸಿರಿಂಜಿನಲ್ಲಿ ಇರುವುದು ನೀರಿನಂಥ ತಿಳಿ ದ್ರವ. ಹತ್ತು ನಿಮಿಷದಲ್ಲಿ ಕೊಟ್ಟು ಮುಗಿಯುತ್ತದೆ. ಸೂಜಿ ರಕ್ತನಾಳದಲ್ಲೇ ಇದೆ ಅಂತ ಎರಡೆರಡು ಸಲ ನೋಡುತ್ತೇವೆ. ಹೊರಗೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಸುಡುತ್ತದೆ.

ಫಿಸಿಕ್ಸ್ ಮೇಷ್ಟ್ರು:

ಹಾಟ್‌ಲ್ಯಾಬ್ ಅವರು ಚೆನ್ನಾಗಿ ಹೇಳಿದರು. ದೂರದ ಲೆಕ್ಕ ನಾನು ಸೇರಿಸುತ್ತೇನೆ.

ಯಿಟ್ರಿಯಂ-90ರ ಬೀಟಾ ಮಾಂಸದಲ್ಲಿ ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ. ಅದರ ಬಹುಪಾಲು ಶಕ್ತಿ 5 ಮಿಲಿಮೀಟರ್ ಒಳಗೇ ಖರ್ಚು. ಲುಟೀಷಿಯಂ-177 ಹೆಚ್ಚೆಂದರೆ 2 ಮಿಲಿಮೀಟರ್. ಅಯೋಡಿನ್-131 ಕೂಡ ಸುಮಾರು ಅಷ್ಟೇ, ಆದರೆ ಅದರ ಜೊತೆ ಜೋರಾದ ಗಾಮಾ ಕಿರಣವೂ ಬರುತ್ತದೆ. ಗಾಮಾ ಮೈ ದಾಟಿ ಹೊರಗೆ ಹೋಗುವುದರಿಂದ ಮನೆಯವರು ದೂರ ಇರಬೇಕಾಗುತ್ತದೆ.

ಅರ್ಧಾಯುಷ್ಯ, ಅಂದರೆ ಕಿರಣ ಬಿಡುವ ಶಕ್ತಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ: ಯಿಟ್ರಿಯಂ 64 ಗಂಟೆ, ಲುಟೀಷಿಯಂ ಆರೂಮುಕ್ಕಾಲು ದಿನದ ಹತ್ತಿರ, ಅಯೋಡಿನ್ 8 ದಿನ. ಈ ಅಂಕಿಗಳನ್ನು ಮರೆಯಬೇಡಿ. ಮುಂದೆ ಬೇಕಾಗುತ್ತವೆ.

ಫೈಲ್ ಹಿಡಿದವಳು:

ಮೇಷ್ಟ್ರೇ, ದೂರ ಹೋಗುವುದು ಒಳ್ಳೆಯದಾ, ಹತ್ತಿರ ನಿಲ್ಲುವುದು ಒಳ್ಳೆಯದಾ? ಹತ್ತಿರ ನಿಂತರೆ ಪಕ್ಕದ ಒಳ್ಳೆ ಕೋಶ ಉಳಿಯುತ್ತದೆ ಅಲ್ವಾ?

ಫಿಸಿಕ್ಸ್ ಮೇಷ್ಟ್ರು:

ಗಡ್ಡೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ ಅಮ್ಮಾ. ಗಡ್ಡೆಯ ಎಲ್ಲ ಕೋಶಗಳ ಮೇಲೂ ಗುರಿ ಒಂದೇ ಸಮ ಇರುವುದಿಲ್ಲ. ಒಂದು ಕೋಶಕ್ಕೆ ಅಂಟಿದ ಔಷಧ ಅಕ್ಕಪಕ್ಕದ ನೂರಾರು ಕೋಶಗಳಿಗೂ ಪೆಟ್ಟು ಕೊಡುತ್ತದೆ. ಆಂಟಿಬಾಡಿಗೆ ಕೀಮೋ ಔಷಧ ಕಟ್ಟಿ ಕಳಿಸಿದರೆ ಅದು ಹೆಚ್ಚಾಗಿ ಹಿಡಿದ ಕೋಶವನ್ನು ಮತ್ತು ಅದಕ್ಕೆ ತಾಗಿದ ಒಂದೆರಡನ್ನು ಕೊಲ್ಲಬಹುದು. ಬೀಟಾಗೆ ತಾಗುವುದೇ ಬೇಕಿಲ್ಲ. ದೊಡ್ಡ ಗಡ್ಡೆಗೆ ಇದೇ ವರ. ಆದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಂಪಿನ ಮೇಲೆ ಯಿಟ್ರಿಯಂ ಕೂತರೆ ಶಕ್ತಿಯ ಬಹುಪಾಲು ಆಚೆ ಹೋಗಿ ಒಳ್ಳೆ ಮಾಂಸಕ್ಕೆ ಬೀಳುತ್ತದೆ.

ಪ್ರತಿಕಾಯ:

ನಾನು ಆಂಟಿಬಾಡಿ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಫೈಲ್ ಹಿಡಿದವರು ಕೇಳಿದ ಮೂರನೇ ಪ್ರಶ್ನೆ ನನಗೆ ತುಂಬ ಮುಖ್ಯ. ಗುರಿ ಸರಿ ಇದ್ದರೂ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ? ಎಲ್ಲರೂ ಗುರಿಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ: ಗುರಿ ಸಿಗುವ ತನಕ ಇದು ಎಲ್ಲಿ ಅಲೆಯುತ್ತಿರುತ್ತದೆ, ಎಷ್ಟು ಹೊತ್ತು ಅಲೆಯುತ್ತದೆ?

ಆಂಟಿಬಾಡಿ ಬಲು ದೊಡ್ಡ ಪ್ರೋಟೀನ್. ತೂಕ ಸುಮಾರು 1,50,000 ಡಾಲ್ಟನ್ (ಅಣುಗಳ ತೂಕದ ಮಾನ). ನಿಮ್ಮ ಅಪ್ಪನ ಔಷಧ ಸುಮಾರು 1,000. ಚಿಕ್ಕ ಅಣುವನ್ನು ಮೂತ್ರಪಿಂಡ ಗಂಟೆಗಳಲ್ಲಿ ಸೋಸಿ ಹೊರಗೆ ಹಾಕುತ್ತದೆ. ಆಂಟಿಬಾಡಿಯನ್ನು ಸೋಸಲು ಆಗುವುದಿಲ್ಲ. ಅದೂ ಅಲ್ಲದೆ ನಮ್ಮ ದೇಹ ತನ್ನ ಆಂಟಿಬಾಡಿಗಳನ್ನು ಜೋಪಾನ ಮಾಡುತ್ತದೆ. ರಕ್ತನಾಳದ ಗೋಡೆಯ ಕೋಶಗಳು ಅದನ್ನು ಒಳಗೆ ಎಳೆದುಕೊಂಡು, ಕರಗಿಸದೆ, ಮತ್ತೆ ರಕ್ತಕ್ಕೇ ಬಿಡುತ್ತವೆ. ಮನುಷ್ಯರ ಸಾಮಾನ್ಯ ಆಂಟಿಬಾಡಿ ಮೂರು ವಾರವಾದರೂ ಅರ್ಧ ಉಳಿದಿರುತ್ತದೆ. ಸೋಂಕಿನ ವಿರುದ್ಧ ಹೋರಾಡಲು ಇದು ಒಳ್ಳೆಯದು. ಬೆನ್ನ ಮೇಲೆ ರೇಡಿಯೇಷನ್ ಹೊತ್ತಿದ್ದರೆ? ಅಷ್ಟು ದಿನವೂ ರಕ್ತ ಹರಿಯುವ ಕಡೆಯೆಲ್ಲ ಅದು ಕಿರಣ ಬಿಡುತ್ತಲೇ ಇರುತ್ತದೆ. ರಕ್ತದ ಓಡಾಟ ಹೆಚ್ಚಿದ್ದು, ಕಿರಣಕ್ಕೆ ಬೇಗ ಸೋಲುವ ಜಾಗ ಯಾವುದು? ಮೂಳೆಯ ಮಜ್ಜೆ. ಪ್ಲೇಟ್‌ಲೆಟ್ ಹುಟ್ಟುವುದು ಅಲ್ಲೇ.

ಗಟ್ಟಿ ಗಡ್ಡೆಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಮನುಷ್ಯರಲ್ಲಿ ಅಳೆದಾಗ, ಕೊಟ್ಟ ಡೋಸಿನಲ್ಲಿ ಒಂದು ಗ್ರಾಂ ಗಡ್ಡೆಗೆ ಸೇರುವುದು ಸಾಮಾನ್ಯವಾಗಿ ಶೇಕಡಾ 0.001ರಿಂದ 0.01. ದೊಡ್ಡ ಪ್ರೋಟೀನ್ ರಕ್ತನಾಳದಿಂದ ಹೊರಬಂದು ಗಡ್ಡೆಯ ಒಳಗೆ ನುಸುಳಲು ಒದ್ದಾಡುತ್ತದೆ. ಗಡ್ಡೆಯ ಒಳಗಿನ ಒತ್ತಡವೂ ಜಾಸ್ತಿ ಇರುತ್ತದೆ. ಇನ್ನೊಂದು ವಿಚಿತ್ರ ಇದೆ. ಆಂಟಿಬಾಡಿಯ ಹಿಡಿತ ತುಂಬ ಬಿಗಿಯಾಗಿದ್ದರೆ ಹೊರಅಂಚಿನಲ್ಲಿ ಸಿಕ್ಕ ಮೊದಲ ಕೋಶಕ್ಕೇ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತದೆ, ನಡುವಿಗೆ ಹೋಗುವುದೇ ಇಲ್ಲ.

ಲಿಂಫೋಮಾದಲ್ಲಿ ಯಾಕೆ ಗೆದ್ದಿತು ಅಂದರೆ ಅದರ ಕೋಶಗಳು ಕಡಿಮೆ ರೇಡಿಯೇಷನ್‌ಗೇ ಸಾಯುತ್ತವೆ. ದುಗ್ಧಗ್ರಂಥಿಗಳಿಗೆ ಆಂಟಿಬಾಡಿ ಸುಲಭವಾಗಿ ತಲುಪುತ್ತದೆ.

ಎಂಟನೇ ವಾರ:

ಝೆವಲಿನ್ ತಗೊಂಡವಳು ನಾನು. ಫಾಲಿಕ್ಯುಲರ್ ಲಿಂಫೋಮಾ, ಎರಡನೇ ಸಲ ಮರಳಿ ಬಂದಿತ್ತು. ವರ್ಷಗಳ ಹಿಂದಿನ ಮಾತು. ಈಗ ಆರಾಮಾಗಿದ್ದೇನೆ.

ಮೊದಲ ದಿನ ಬರೀ ರಿಟುಕ್ಸಿಮ್ಯಾಬ್ ಹಾಕಿದರು, ಅದೂ ಸಿಡಿ20 ಹಿಡಿಯುವ ಆಂಟಿಬಾಡಿಯೇ. ರೇಡಿಯೇಷನ್ ಇಲ್ಲ. ಎಂಟನೇ ದಿನ ಮತ್ತೆ ರಿಟುಕ್ಸಿಮ್ಯಾಬ್, ಅದು ಮುಗಿದ ಮೇಲೆ ಆ ಪುಟ್ಟ ಸಿರಿಂಜು. ಮೊದಲು ಬರಿದಾದ ಆಂಟಿಬಾಡಿ ಯಾಕೆ ಅಂತ ಕೇಳಿದ್ದೆ. ರಕ್ತದಲ್ಲಿ ಮತ್ತು ಗುಲ್ಮದಲ್ಲಿ (ಸ್ಪ್ಲೀನ್) ಸಿಡಿ20 ಹೊತ್ತ ಬಿ ಕೋಶಗಳು ರಾಶಿ ರಾಶಿ ಇರುತ್ತವಂತೆ. ಮೊದಲೇ ಅವುಗಳ ಬಾಯಿ ಮುಚ್ಚದಿದ್ದರೆ ರೇಡಿಯೇಷನ್ ಹೊತ್ತ ಔಷಧವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಜವಾಗಿ ಬೇಕಾದ ಗಂಟುಗಳ ತನಕ ಹೋಗುವುದಿಲ್ಲ.

ನನ್ನ ಪ್ಲೇಟ್‌ಲೆಟ್ 1,60,000 ಇತ್ತು. ಒಂದೂವರೆ ಲಕ್ಷಕ್ಕಿಂತ ಮೇಲೆ ಇದ್ದರೆ ಮೈತೂಕದ ಕಿಲೋಗೆ 0.4 ಮಿಲಿಕ್ಯೂರಿ (ರೇಡಿಯೇಷನ್ ಔಷಧದ ಪ್ರಮಾಣ ಅಳೆಯುವ ಮಾನ). ಒಂದು ಲಕ್ಷದಿಂದ ಒಂದೂವರೆ ಲಕ್ಷದ ನಡುವೆ ಇದ್ದರೆ 0.3. ಅದಕ್ಕಿಂತ ಕಡಿಮೆ ಇದ್ದರೆ ಕೊಡುವುದೇ ಇಲ್ಲ. ಮಜ್ಜೆಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಲಿಂಫೋಮಾ ಇದ್ದರೂ ಕೊಡುವುದಿಲ್ಲ. ನಾನು 62 ಕಿಲೋ ಇದ್ದೆ, ಹಾಗಾಗಿ ಸುಮಾರು 25 ಮಿಲಿಕ್ಯೂರಿ. ಎಷ್ಟೇ ತೂಕ ಇದ್ದರೂ 32 ದಾಟುವುದಿಲ್ಲ.

ಅವತ್ತು ಏನೂ ಆಗಲಿಲ್ಲ. ವಾಕರಿಕೆ ಇಲ್ಲ, ಕೂದಲು ಉದುರಲಿಲ್ಲ. ಕೀಮೋ ನೋಡಿದವಳಿಗೆ ಇದು ನಂಬಲಾಗದ ವಿಷಯ. ಒಂದು ತಿಂಗಳು ಖುಷಿಯಾಗಿ ಓಡಾಡಿದೆ. ನನಗೆ ಯಾರೂ ಬಿಡಿಸಿ ಹೇಳದೆ ಇದ್ದದ್ದು ಅಲ್ಲೇ. ಪೆಟ್ಟು ಕಾಣುವುದು ಏಳರಿಂದ ಒಂಬತ್ತನೇ ವಾರದಲ್ಲಿ. ರಕ್ತ ಪರೀಕ್ಷೆ ಬರೆದುಕೊಡಬೇಕಾದ್ದು ನಾವು ಅಲ್ಲ ಅಂತ ಒಂದು ವಿಭಾಗ, ಔಷಧ ಕೊಟ್ಟವರೇ ನೋಡಬೇಕು ಅಂತ ಇನ್ನೊಂದು ವಿಭಾಗ. ಐದನೇ ವಾರದ ಪರೀಕ್ಷೆ ಹಾಗೇ ತಪ್ಪಿಹೋಯಿತು. ಆರನೇ ವಾರ ನಾನೇ ಹೋಗಿ ಮಾಡಿಸಿದೆ: 62,000. ಎಂಟನೇ ವಾರ 38,000. ಹಲ್ಲುಜ್ಜಿದರೆ ಬ್ರಷ್ ಕೆಂಪಾಗುತ್ತಿತ್ತು. ಮೊಣಕಾಲ ಹತ್ತಿರ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಬಂದವು. ಹನ್ನೊಂದನೇ ವಾರಕ್ಕೆ ತಾನಾಗಿಯೇ ಮೇಲೆ ಬಂತು.

ಪಿಇಟಿ ಸ್ಕ್ಯಾನ್‌ನಲ್ಲಿ ಗಂಟುಗಳು ಆರಿಹೋಗಿದ್ದವು. ಆದರೂ ಹೇಳುತ್ತೇನೆ, ಯಾವುದೇ ಇಂಥ ಔಷಧ ತಗೊಂಡರೂ ರಕ್ತ ಪರೀಕ್ಷೆಯ ತಾರೀಖುಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಯಾರ ಕೆಲಸ ಅಂತ ಬಾಯಿಬಿಟ್ಟು ಕೇಳಿ.

ಹಾಟ್‌ಲ್ಯಾಬ್:

ಓದಿ ಮನಸ್ಸಿಗೆ ಬೇಜಾರಾಯಿತು, ಮೇಡಂ. ನೀವು ಹೇಳಿದ "ಯಾರ ಕೆಲಸ" ಅನ್ನುವ ಪ್ರಶ್ನೆಯೇ ಈ ಔಷಧಗಳನ್ನು ಮೂಲೆಗೆ ತಳ್ಳಿತು. ಕೀಮೋ ಕೊಡುವ ಡಾಕ್ಟರು ತಮ್ಮ ವಾರ್ಡಿನಲ್ಲಿ ಇದನ್ನು ಕೊಡಲು ಆಗುವುದಿಲ್ಲ. ರೋಗಿಯನ್ನು ನಮ್ಮ ಕಡೆ ಕಳಿಸಬೇಕು. ಬೆಕ್ಸಾರ್‌ಗೆ ಇನ್ನೂ ಜಾಸ್ತಿ ಗೋಜಲು. ಥೈರಾಯ್ಡ್ ಅಯೋಡಿನ್ ಹೀರಿಕೊಳ್ಳದಂತೆ ಒಂದು ದಿನ ಮೊದಲೇ ಪೊಟ್ಯಾಶಿಯಂ ಅಯೋಡೈಡ್ ಶುರು ಮಾಡಬೇಕು. ಮೊದಲು ಸಣ್ಣ ಡೋಸ್ ಕೊಟ್ಟು, ಮೈಯಿಂದ ಅದು ಎಷ್ಟು ಬೇಗ ಹೊರಗೆ ಹೋಗುತ್ತದೆ ಅಂತ ಬೇರೆ ಬೇರೆ ದಿನ ಅಳೆದು, ಆಮೇಲೆ ಅವರವರಿಗೆ ತಕ್ಕ ಡೋಸ್ ಲೆಕ್ಕ ಹಾಕಬೇಕು. ವಿಜ್ಞಾನದ ದೃಷ್ಟಿಯಿಂದ ಅದು ತುಂಬ ಸೊಗಸಾದ ಕೆಲಸ. ಪ್ರತಿ ಮನುಷ್ಯನಿಗೂ ಅವನದೇ ಅಳತೆ. 2014ರಲ್ಲಿ ಬೆಕ್ಸಾರ್ ತಯಾರಿಸುವುದನ್ನೇ ನಿಲ್ಲಿಸಿದರು.

ಹೊಸ ಓದುಗ:

ಅಂದರೆ ಇಷ್ಟು ಒಳ್ಳೆಯ ಔಷಧವನ್ನು ವ್ಯಾಪಾರ ಕೊಂದಿತು ಅಂತ ಅಲ್ವಾ? ಮಿಷಿಗನ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ್ದನ್ನು ಓದಿದೆ. ಮೊದಲ ಸಲ ಚಿಕಿತ್ಸೆ ಪಡೆಯುತ್ತಿದ್ದ 76 ಜನರಿಗೆ ಬೆಕ್ಸಾರ್ ಒಂದೇ ಸುತ್ತು. ನೂರಕ್ಕೆ 95 ಜನರಲ್ಲಿ ಕ್ಯಾನ್ಸರ್ ಕುಗ್ಗಿತು, 75 ಜನರಲ್ಲಿ ಪೂರ್ತಿ ಮಾಯ. ಐದು ವರ್ಷದ ಮೇಲೂ 59 ಜನರಲ್ಲಿ ರೋಗ ಮುಂದುವರಿದಿರಲಿಲ್ಲ. ಒಂದು ವಾರದ ಚಿಕಿತ್ಸೆಗೆ ಇಷ್ಟು ಫಲ! ಇದನ್ನು ಬಿಟ್ಟರಲ್ಲ ಅಂತ ಸಿಟ್ಟು ಬರುತ್ತದೆ.

ಪ್ರತಿಕಾಯ:

ಸಿಟ್ಟು ನನಗೂ ಇದೆ. ಆದರೆ ಪೂರ್ತಿ ಕಥೆ ಅದಲ್ಲ. ನೀವು ಹೇಳಿದ ಅಧ್ಯಯನದಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಹೋಲಿಸಿ ನೋಡಿದ ದೊಡ್ಡ ಪರೀಕ್ಷೆಯ ಫಲ 2013ರಲ್ಲಿ ಬಂತು. 550ಕ್ಕೂ ಹೆಚ್ಚು ಜನ. ಎಲ್ಲರಿಗೂ ಚಾಪ್ ಅನ್ನುವ ನಾಲ್ಕು ಔಷಧಗಳ ಕೀಮೋ. ಅರ್ಧ ಜನರಿಗೆ ಜೊತೆಯಲ್ಲಿ ರಿಟುಕ್ಸಿಮ್ಯಾಬ್, ಉಳಿದ ಅರ್ಧ ಜನರಿಗೆ ಕೀಮೋ ಆದ ಮೇಲೆ ಬೆಕ್ಸಾರ್. ಎರಡು ವರ್ಷಕ್ಕೆ ರೋಗ ಮುಂದುವರಿಯದೆ ಇದ್ದವರು ರಿಟುಕ್ಸಿಮ್ಯಾಬ್ ಗುಂಪಿನಲ್ಲಿ ನೂರಕ್ಕೆ 76, ಬೆಕ್ಸಾರ್ ಗುಂಪಿನಲ್ಲಿ 80. ಬದುಕಿದ್ದವರು 97 ಮತ್ತು 93. ಈ ವ್ಯತ್ಯಾಸವನ್ನು ನಂಬಿ ಒಂದು ಗೆದ್ದಿತು ಅನ್ನಲು ಆಗುವುದಿಲ್ಲ. ಒಂದೇ ಫಲ ಸಿಗುವುದಾದರೆ ಯಾವ ಡಾಕ್ಟರೂ ತನ್ನ ವಾರ್ಡಿನಲ್ಲೇ ಕೊಡಬಹುದಾದ ರಿಟುಕ್ಸಿಮ್ಯಾಬ್ ಆರಿಸುತ್ತಾರೆ. ರಿಟುಕ್ಸಿಮ್ಯಾಬ್ 1997ರಿಂದಲೇ ಕೈಯಲ್ಲಿತ್ತು. ಅದಲ್ಲದೆ ಮಜ್ಜೆಗೆ ಬಿದ್ದ ಪೆಟ್ಟಿನಿಂದ ವರ್ಷಗಳ ನಂತರ ಕೆಲವರಲ್ಲಿ ರಕ್ತದ ಬೇರೆ ಕ್ಯಾನ್ಸರ್ ಕಾಣಿಸಿಕೊಂಡದ್ದೂ ನಿಜ. ಅದನ್ನು ಮುಚ್ಚಿಡಬಾರದು.

ಝೆವಲಿನ್‌ಗೆ ಒಂದು ಗಟ್ಟಿ ಸಾಕ್ಷಿ ಇದೆ. ಮೊದಲ ಕೀಮೋಗೆ ಸ್ಪಂದಿಸಿದ 414 ಜನರಲ್ಲಿ ಅರ್ಧ ಜನರಿಗೆ ಮೇಲಿಂದ ಝೆವಲಿನ್ ಕೊಟ್ಟರು. ರೋಗ ಮರಳಲು ತೆಗೆದುಕೊಂಡ ಸಮಯ 13 ತಿಂಗಳಿಂದ 36 ತಿಂಗಳಿಗೆ ಏರಿತು. ಆದರೆ ಅವರಲ್ಲಿ ಹೆಚ್ಚಿನವರು ಮೊದಲು ರಿಟುಕ್ಸಿಮ್ಯಾಬ್ ತಗೊಂಡವರಲ್ಲ. ಹಾಗಾಗಿ ಆಮೇಲಿನ ಕಾಲಕ್ಕೆ ಇದು ಎಷ್ಟು ಹೊಂದುತ್ತದೆ ಅನ್ನುವ ಪ್ರಶ್ನೆ ಉಳಿದೇ ಉಳಿಯಿತು.

ಫೈಲ್ ಹಿಡಿದವಳು:

ಈಗ ಸ್ವಲ್ಪ ಸ್ವಲ್ಪ ಅರ್ಥವಾಗುತ್ತಿದೆ. ಹಾಗಾದರೆ ಅಪ್ಪನ ಔಷಧದಲ್ಲಿ ಆಂಟಿಬಾಡಿ ಯಾಕೆ ಬಳಸಲಿಲ್ಲ? ಪ್ರಾಸ್ಟೇಟ್‌ಗೆ ಪ್ರಯತ್ನವೇ ಆಗಲಿಲ್ವಾ?

ಪ್ರತಿಕಾಯ:

ಆಯಿತು. ಈ ಕಥೆಯನ್ನು ಹೇಳಲು ನನಗೆ ತುಂಬ ಇಷ್ಟ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಪಿಎಸ್‌ಎಂಎ ಅನ್ನುವ ಪ್ರೋಟೀನ್ ಇದೆ ಅಂತ ಗೊತ್ತಾದದ್ದೇ ಒಂದು ಆಂಟಿಬಾಡಿಯಿಂದ. 1980ರ ದಶಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಇಲಿಗೆ ಚುಚ್ಚಿ, ಅದು ತಯಾರಿಸಿದ ಆಂಟಿಬಾಡಿಗಳಲ್ಲಿ ಒಂದನ್ನು ಆರಿಸಿದರು. ಇಂಥ ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ವಿದ್ಯೆ ಬಂದದ್ದು 1975ರಲ್ಲಿ. ಕೇಂಬ್ರಿಡ್ಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಗುಲ್ಮದ ಬಿ ಕೋಶವನ್ನು ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಪ್ರಾಸ್ಟೇಟ್ ಆಂಟಿಬಾಡಿಗೆ ಇಂಡಿಯಂ-111 ಕಟ್ಟಿ ಸ್ಕ್ಯಾನ್ ಮಾಡುವ ಔಷಧಕ್ಕೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಚಿತ್ರ ಮಾತ್ರ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಆ ಆಂಟಿಬಾಡಿ ಹಿಡಿಯುತ್ತಿದ್ದದ್ದು ಪಿಎಸ್‌ಎಂಎಯ ಒಳತುದಿಯನ್ನು, ಅಂದರೆ ಕೋಶದ ಒಳಗೆ ಇರುವ ಭಾಗವನ್ನು. ಬದುಕಿರುವ ಕೋಶದ ಗೋಡೆ ದಾಟಿ ಅದು ಹೋಗಲಾರದು. ಸತ್ತು ಒಡೆದ ಕೋಶಗಳನ್ನು ಮಾತ್ರ ಹಿಡಿಯುತ್ತಿತ್ತು! ಗುರಿ ಸರಿ, ಹಿಡಿಯುವ ತುದಿ ತಪ್ಪು.

ಆಮೇಲೆ ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ನೀಲ್ ಬ್ಯಾಂಡರ್ ಅವರ ತಂಡ ಹೊರತುದಿಯನ್ನು ಹಿಡಿಯುವ ಆಂಟಿಬಾಡಿ ಮಾಡಿತು. ಹೆಸರು ಜೆ591. ಅದಕ್ಕೆ ಲುಟೀಷಿಯಂ-177 ಕಟ್ಟಿ ರೋಗಿಗಳಿಗೆ ಕೊಟ್ಟರು. ಮೂಳೆಯಲ್ಲಿದ್ದ ಗಡ್ಡೆಗಳಿಗೆ ಅದು ಚೆನ್ನಾಗಿಯೇ ಹೋಗಿ ಕೂತಿತು. ಆದರೆ ಡೋಸ್ ಏರಿಸಲು ಹೊರಟರೆ ಪ್ಲೇಟ್‌ಲೆಟ್ ಕುಸಿಯುತ್ತಿತ್ತು. ಅದೇ ಮಜ್ಜೆ, ಅದೇ ಉದ್ದನೆಯ ಅಲೆದಾಟ.

ಅಷ್ಟರಲ್ಲಿ ಚಿಕ್ಕ ಅಣುಗಳು ಬಂದವು. ಗಂಟೆಗಳಲ್ಲಿ ಗಡ್ಡೆ ಸೇರುತ್ತವೆ, ಮಿಕ್ಕಿದ್ದು ಮೂತ್ರದಲ್ಲಿ ಹೊರಗೆ. ಮಜ್ಜೆಗೆ ಪೆಟ್ಟು ಕಡಿಮೆ, ಹಾಗಾಗಿ ಜಾಸ್ತಿ ಕೊಡಬಹುದು. ಒಂದು ಸಲಕ್ಕೆ 200 ಮಿಲಿಕ್ಯೂರಿ, ಆರು ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ. ವಿಷನ್ ಅನ್ನುವ ಹೆಸರಿನ, 831 ಜನರ ಔಷಧ ಪರೀಕ್ಷೆಯಲ್ಲಿ ಅರ್ಧ ಜನ ಬದುಕಿದ್ದ ಅವಧಿ ಇದನ್ನು ತಗೊಳ್ಳದವರಲ್ಲಿ 11.3 ತಿಂಗಳು, ತಗೊಂಡವರಲ್ಲಿ 15.3 ತಿಂಗಳು. 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ನಿಮ್ಮ ಬಾಯಿ ಒಣಗುವ ಪ್ರಶ್ನೆ. ಚಿಕ್ಕ ಅಣು ಎಂಜಲು ಗ್ರಂಥಿಗಳಲ್ಲೂ ಹೋಗಿ ಕೂರುತ್ತದೆ. ಆ ಪರೀಕ್ಷೆಯಲ್ಲಿ ನೂರಕ್ಕೆ 39 ಜನರಿಗೆ ಬಾಯಿ ಒಣಗಿತು, ಹೆಚ್ಚಿನವರಿಗೆ ಸೌಮ್ಯವಾಗಿ. ಆಂಟಿಬಾಡಿ ಎಂಜಲು ಗ್ರಂಥಿಯ ಒಳಗೆ ಅಷ್ಟಾಗಿ ನುಸುಳುವುದೇ ಇಲ್ಲ. ನೋಡಿ, ಎರಡರ ಗುರಿಯೂ ಒಂದೇ ಪ್ರೋಟೀನ್. ಹೊತ್ತಿರುವುದೂ ಒಂದೇ ಲುಟೀಷಿಯಂ. ಚಿಕ್ಕದಕ್ಕೆ ಬಾಯಿ ಒಣಗುತ್ತದೆ, ದೊಡ್ಡದಕ್ಕೆ ಮಜ್ಜೆ ಸೊರಗುತ್ತದೆ. ಬದಲಾದದ್ದು ಗಾತ್ರ ಮಾತ್ರ.

ಎಂಟನೇ ವಾರ:

ಇದನ್ನು ನನಗೆ ಆವತ್ತು ಯಾರಾದರೂ ಹೇಳಿದ್ದರೆ! ನನ್ನ ಮೈ ಔಷಧ ತಡೆಯಲಿಲ್ಲ, ನಾನೇ ದುರ್ಬಲ ಅಂದುಕೊಂಡು ಅತ್ತಿದ್ದೆ.

ಪ್ರತಿಕಾಯ:

ನಿಮ್ಮ ತಪ್ಪು ಏನೂ ಇರಲಿಲ್ಲ ಅಕ್ಕ. ಝೆವಲಿನ್ ಮಾಡಿದವರು ಬೇಕೆಂದೇ ಇಲಿಯ ಆಂಟಿಬಾಡಿಯನ್ನೇ ಉಳಿಸಿಕೊಂಡಿದ್ದರು. ಮನುಷ್ಯರ ರೂಪಕ್ಕೆ ಬದಲಿಸಿದರೆ ರಕ್ತದಲ್ಲಿ ಇನ್ನೂ ಜಾಸ್ತಿ ದಿನ ಉಳಿಯುತ್ತದೆ ಅಂತ. 64 ಗಂಟೆಯ ಯಿಟ್ರಿಯಂ ಆರಿಸಿದ್ದರಲ್ಲೂ ಅದೇ ಲೆಕ್ಕ ಇದೆ. ಮೇಷ್ಟ್ರು ಅರ್ಧಾಯುಷ್ಯ ಮರೆಯಬೇಡಿ ಅಂದದ್ದು ಇದಕ್ಕೇ. ಔಷಧ ಗಡ್ಡೆ ಸೇರುವಷ್ಟು ಹೊತ್ತು ಕಿರಣ ಉಳಿದಿರಬೇಕು. ಮಜ್ಜೆಯನ್ನು ವಾರಗಟ್ಟಲೆ ಸುಡುವಷ್ಟು ಉಳಿಯಬಾರದು.

ಹೊಸ ಓದುಗ:

ಹಾಗಾದರೆ ಆಂಟಿಬಾಡಿ ಕಥೆ ಮುಗಿಯಿತಾ?

ಪ್ರತಿಕಾಯ:

ಇಲ್ಲ. ನನಗೆ ತುಂಬ ಭರವಸೆ ಇರುವುದು ಎರಡು ಹಂತದ ವಿಧಾನದ ಮೇಲೆ. ಮೊದಲು ರೇಡಿಯೇಷನ್ ಇಲ್ಲದ ಆಂಟಿಬಾಡಿ ಕಳಿಸುವುದು. ಅದಕ್ಕೆ ಎರಡು ಕೈ. ಒಂದು ಗಡ್ಡೆಯನ್ನು ಹಿಡಿಯುತ್ತದೆ, ಇನ್ನೊಂದು ಖಾಲಿ ಇರುತ್ತದೆ. ಕೆಲವು ದಿನ ಕಾಯುವುದು. ರಕ್ತದಲ್ಲಿ ಅಲೆಯುತ್ತಿದ್ದದ್ದು ಕರಗಿಹೋಗುತ್ತದೆ, ಬೇಕಾದರೆ ಅದನ್ನು ತೊಳೆದು ತೆಗೆಯುವ ಇನ್ನೊಂದು ಔಷಧ ಕೊಡಬಹುದು. ಆಮೇಲೆ ರೇಡಿಯೇಷನ್ ಹೊತ್ತ ಚಿಕ್ಕ ಅಣು ಕಳಿಸುವುದು. ಅದು ಖಾಲಿ ಕೈಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಗಂಟೆಗಳಲ್ಲಿ ಮೂತ್ರದಲ್ಲಿ ಹೊರಗೆ. ಅಲೆದಾಟದ ದಿನಗಳಲ್ಲಿ ಬೆನ್ನ ಮೇಲೆ ಹೊರೆಯೇ ಇರುವುದಿಲ್ಲ. ಎರಡು ಔಷಧ, ನಡುವೆ ಎಷ್ಟು ದಿನ ಬಿಡಬೇಕು, ಎಷ್ಟೆಷ್ಟು ಕೊಡಬೇಕು ಅಂತ ಹೊಂದಿಸುವುದು ಕಷ್ಟ. ಅದಕ್ಕೇ ಇನ್ನೂ ದಿನಬಳಕೆಗೆ ಬಂದಿಲ್ಲ.

ಮಜ್ಜೆಯನ್ನೇ ಗುರಿ ಮಾಡುವವರೂ ಇದ್ದಾರೆ. ರಕ್ತದ ಕ್ಯಾನ್ಸರಿನಲ್ಲಿ ಮಜ್ಜೆ ಕಸಿ ಮಾಡುವ ಮೊದಲು ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕಲ್ಲ. ಸಿಡಿ45 ಹಿಡಿಯುವ ಆಂಟಿಬಾಡಿಗೆ ಅಯೋಡಿನ್-131 ಕಟ್ಟಿ ಆ ಕೆಲಸಕ್ಕೆ ಬಳಸಿ ನೋಡಿದ್ದಾರೆ. ಇಲ್ಲಿ ತೊಂದರೆಯೇ ಕೆಲಸವಾಗಿದೆ.

ಫಿಸಿಕ್ಸ್ ಮೇಷ್ಟ್ರು:

ಆಲ್ಫಾ, ಅಂದರೆ ಬೀಟಾಗಿಂತ ತುಂಬ ಭಾರದ ಕಣ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಬಿಡುವ ಒಂದು ವಸ್ತು ಆಕ್ಟೀನಿಯಂ-225. ಅರ್ಧಾಯುಷ್ಯ 10 ದಿನದ ಹತ್ತಿರ. ಒಂದು ಪರಮಾಣು ಬಿಸ್ಮತ್-209 ಆಗಿ ತಣ್ಣಗಾಗುವ ಮೊದಲು ನಾಲ್ಕು ಆಲ್ಫಾ ಕಣ ಬಿಡುತ್ತದೆ. ಆಲ್ಫಾ ಓಡುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಹೆಚ್ಚು ಕಡಿಮೆ ಒಂದು ಕೂದಲಿನ ದಪ್ಪ. ಆದರೆ ಆ ಚಿಕ್ಕ ದಾರಿಯಲ್ಲೇ ಎಲ್ಲ ಶಕ್ತಿಯನ್ನೂ ಸುರಿಯುತ್ತದೆ. ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾಗುತ್ತವೆ. ಕೋಶ ಅದನ್ನು ಸರಿಮಾಡಿಕೊಳ್ಳಲಾರದು. ಹೈಡಲ್‌ಬರ್ಗ್‌ನವರು 2016ರಲ್ಲಿ ಇಬ್ಬರು ಪ್ರಾಸ್ಟೇಟ್ ರೋಗಿಗಳ ಸ್ಕ್ಯಾನ್ ಪ್ರಕಟಿಸಿದರು. ಬೇರೆ ದಾರಿ ಇಲ್ಲದೆ ಆಕ್ಟೀನಿಯಂ ಪಿಎಸ್‌ಎಂಎ ಕೊಟ್ಟಿದ್ದರು. ಮೈತುಂಬ ಇದ್ದ ಕಪ್ಪು ಚುಕ್ಕೆಗಳೆಲ್ಲ ಅಳಿಸಿಹೋಗಿದ್ದವು. ಬಾಯಿ ಮಾತ್ರ ಒಣಗಿತ್ತು.

ಇದರಲ್ಲಿ ಒಂದು ತೊಡಕಿದೆ. ಮೊದಲ ಆಲ್ಫಾ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ಹಾಗೆ ಪರಮಾಣು ಹಿಂದಕ್ಕೆ ಚಿಮ್ಮುತ್ತದೆ. ಹಿಡಿದಿಟ್ಟಿದ್ದ ಪಂಜರ ಒಡೆಯುತ್ತದೆ. ಇನ್ನೂ ಮೂರು ಆಲ್ಫಾ ಬಾಕಿ ಇರುವ ಮರಿ ಪರಮಾಣು ಬಿಡುಗಡೆಯಾಗಿ ರಕ್ತ ಸೇರಬಹುದು. ನಡುವೆ ಅದು ಬಿಸ್ಮತ್-213 ಆದಾಗ ಮೂತ್ರಪಿಂಡಕ್ಕೆ ಹೋಗುತ್ತದೆ. ಆಂಟಿಬಾಡಿ ಕೋಶದ ಒಳಗೆ ಹೋಗಿ ಕೂತಿದ್ದರೆ ಮರಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹಾಗಾಗಿ ಆಲ್ಫಾಗೆ ಆಂಟಿಬಾಡಿ ಮತ್ತೆ ಬೇಕಾಗಬಹುದು ಅಂತ ನನಗನ್ನಿಸುತ್ತದೆ.

ವಾರ್ಡ್ ನರ್ಸ್:

ಫೈಲ್ ಹಿಡಿದವರಿಗೆ ಮನೆ ಮಟ್ಟದ ಮಾತು. ಲುಟೀಷಿಯಂ ಕೊಟ್ಟ ಮೊದಲ ಎರಡು ಮೂರು ದಿನ ಅಪ್ಪ ನೀರು ಚೆನ್ನಾಗಿ ಕುಡಿಯಲಿ, ಆಗಾಗ ಮೂತ್ರಕ್ಕೆ ಹೋಗಲಿ. ಕೂತು ಮಾಡಲಿ, ಎರಡು ಸಲ ಫ್ಲಶ್ ಮಾಡಲಿ, ಕೈ ಸೋಪು ಹಾಕಿ ತೊಳೆಯಲಿ. ಬಟ್ಟೆ ಬೇರೆ ಒಗೆಯಿರಿ. ಬಸುರಿಯರು, ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಎಷ್ಟು ದಿನ ದೂರ ಇರಬೇಕು ಅಂತ ಡಿಸ್ಚಾರ್ಜ್ ಪತ್ರದಲ್ಲಿ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಹೆದರಿ ಅಪ್ಪನನ್ನು ಒಬ್ಬರೇ ಕೋಣೆಯಲ್ಲಿ ಕೂರಿಸಬೇಡಿ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮಾತಾಡಿಸಿ.

ಫೈಲ್ ಹಿಡಿದವಳು:

ತುಂಬ ದಿನ ಬಿಟ್ಟು ಬರೆಯುತ್ತಿದ್ದೇನೆ. ಅಪ್ಪನಿಗೆ ಮೊದಲ ಡೋಸ್ ಆಯಿತು. ಅದಕ್ಕೂ ಮುಂಚೆ ಪಿಎಸ್‌ಎಂಎ ಸ್ಕ್ಯಾನ್ ಮಾಡಿ, ಗಡ್ಡೆಗಳು ಈ ಔಷಧವನ್ನು ಹಿಡಿಯುತ್ತವೆ ಅಂತ ಖಾತ್ರಿ ಮಾಡಿಕೊಂಡರು. ಇಲ್ಲದಿದ್ದರೆ ಕೊಡುತ್ತಿರಲಿಲ್ಲವಂತೆ. ಡೋಸ್ ಆದ ಮಾರನೇ ದಿನ ಮತ್ತೆ ಸ್ಕ್ಯಾನ್ ತೆಗೆದರು. ಲುಟೀಷಿಯಂ ಸ್ವಲ್ಪ ಗಾಮಾ ಕೂಡ ಬಿಡುವುದರಿಂದ ಔಷಧ ಎಲ್ಲಿ ಕೂತಿದೆ ಅಂತ ಕಾಣುತ್ತದೆ ಅಂದರು.

ಡಾಕ್ಟರು ಆ ಚಿತ್ರವನ್ನು ಅಪ್ಪನ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಮನುಷ್ಯಾಕೃತಿ. ಬೆನ್ನುಮೂಳೆಯಲ್ಲಿ ಮೂರು ಕಡೆ, ಸೊಂಟದಲ್ಲಿ ಒಂದು ಕಡೆ ಕಪ್ಪು ಚುಕ್ಕೆ. ಅಪ್ಪ ಹತ್ತಿರ ಬಗ್ಗಿ ನೋಡಿದರು. ಎರಡೂ ಕಿವಿಯ ಕೆಳಗೆ ಇದ್ದ ಕಪ್ಪನ್ನು ಬೆರಳಲ್ಲಿ ಮುಟ್ಟಿ ನನ್ನ ಮುಖ ನೋಡಿದರು. "ಇಲ್ಲೂ ಬಂದಿದೆಯಾ ಪುಟ್ಟಿ?" ಅವರ ಧ್ವನಿ ನಡುಗುತ್ತಿತ್ತು. "ಅದು ಕ್ಯಾನ್ಸರ್ ಅಲ್ಲ ಅಪ್ಪ, ಎಂಜಲು ಗ್ರಂಥಿ. ಔಷಧ ಚಿಕ್ಕದಲ್ವಾ, ಅಲ್ಲಿಗೂ ನುಸುಳುತ್ತೆ. ಅದಕ್ಕೇ ನಿನ್ನ ಬಾಯಿ ಒಣಗ್ತಿರೋದು" ಅಂದೆ. ಡಾಕ್ಟರು ಹೌದು ಅಂತ ತಲೆ ಆಡಿಸಿದರು. ಅಪ್ಪ ಕುರ್ಚಿಗೆ ಒರಗಿ ನೀರಿನ ಬಾಟಲಿ ತೆಗೆದುಕೊಂಡರು.

ಎಂಟನೇ ವಾರದ ಅಕ್ಕಾ, ರಕ್ತ ಪರೀಕ್ಷೆ ಯಾರ ಕೆಲಸ ಅಂತ ಬಾಯಿಬಿಟ್ಟು ಕೇಳಿದೆ. ನ್ಯೂಕ್ಲಿಯರ್ ಮೆಡಿಸಿನ್‌ನವರದ್ದೇ ಅಂದರು. ಎಲ್ಲ ತಾರೀಖನ್ನೂ ಫೈಲಿನ ಮೇಲೆ ಬರೆಸಿಕೊಂಡಿದ್ದೇನೆ. ಮೊದಲನೆಯದು ಶುಕ್ರವಾರ.